ಕಾವಲು ದೊಡ್ಡವರ ಕೆಲಸ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಮತ್ತು ಗ್ರೂಮಿಂಗ್ ತಡೆಯಲು ಸಮಗ್ರ ಮಾರ್ಗದರ್ಶಿ

ಮಕ್ಕಳ ಸುರಕ್ಷತೆ ಅಂದ ಕೂಡಲೇ ನಾವು ಮಕ್ಕಳಿಗೇ ಪಾಠ ಶುರು ಮಾಡುತ್ತೇವೆ. ಯಾರಾದರೂ ಮುಟ್ಟಿದರೆ ಬೇಡ ಅನ್ನು, ಕೂಗು, ಓಡಿ ಬಾ. ಪಾಠ ಬೇಡ ಅಂತಲ್ಲ. ಆದರೆ ಆರು ವರ್ಷದ ಮಗು, ತನಗೆ ಇಷ್ಟವಾದ, ಅಪ್ಪ ಅಮ್ಮ ಗೌರವ ಕೊಡುವ ದೊಡ್ಡ ಮನುಷ್ಯನೊಬ್ಬನನ್ನು ಎದುರಿಸಿ ನಿಲ್ಲಲಿ ಅಂತ ಕಾಯುವುದು ನ್ಯಾಯವಲ್ಲ. ಶಾಲೆಗಳಲ್ಲಿ ನಡೆಯುವ ಇಂಥ ಪಾಠಗಳ ಬಗ್ಗೆ 2015ರಲ್ಲಿ ಒಂದು ಕಾಕ್ರೇನ್ ವಿಮರ್ಶೆ, ಅಂದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ, ಬಂತು. 24 ಅಧ್ಯಯನಗಳು, ಸುಮಾರು 5,800 ಮಕ್ಕಳು. ಪಾಠದಿಂದ ಮಕ್ಕಳ ತಿಳಿವಳಿಕೆ ಹೆಚ್ಚುತ್ತದೆ ಅಂತ ಗೊತ್ತಾಯಿತು. ದೌರ್ಜನ್ಯವೇ ಕಡಿಮೆಯಾಗುತ್ತದೆ ಅಂತ ಹೇಳುವಷ್ಟು ಪುರಾವೆ ಮಾತ್ರ ಸಿಗಲಿಲ್ಲ.

ಹಾಗಾಗಿ ಈ ಮಾರ್ಗದರ್ಶಿ ಮುಖ್ಯವಾಗಿ ದೊಡ್ಡವರಿಗೆ. ತಂದೆ ತಾಯಿಗೆ, ಅಜ್ಜಿ ತಾತನಿಗೆ, ಶಿಕ್ಷಕರಿಗೆ, ಕೋಚ್‌ಗಳಿಗೆ, ಮಕ್ಕಳಿರುವ ಯಾವುದೇ ಜಾಗವನ್ನು ನಡೆಸುವವರಿಗೆ.

ಹಂತ 1: ಅಪಾಯ ಎಲ್ಲಿಂದ ಬರುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳಿ

ಕತ್ತಲಲ್ಲಿ ನಿಂತ ಅಪರಿಚಿತ ಅನ್ನುವ ಚಿತ್ರವನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಅಮೆರಿಕದ ಪೊಲೀಸ್ ದಾಖಲೆಗಳನ್ನು ಆಧರಿಸಿ 2000ದಲ್ಲಿ ಬಂದ ಸರ್ಕಾರಿ ವರದಿಯಲ್ಲಿ, ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಶೇ. 93ರಷ್ಟು ಮಂದಿಗೆ ಆರೋಪಿ ಮೊದಲೇ ಗೊತ್ತಿದ್ದವನು. ಸುಮಾರು ಮೂರನೇ ಒಂದು ಭಾಗ ಕುಟುಂಬದವರೇ. ಮಿಕ್ಕವರು ಪರಿಚಯದವರು.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ವಿಷಯವೂ ಅಲ್ಲ. 2011ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 217 ಪ್ರಕಟಣೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ತಮ್ಮ ಅನುಭವವನ್ನು ತಾವೇ ಹೇಳಿಕೊಂಡವರ ಲೆಕ್ಕದಲ್ಲಿ ಹೆಣ್ಣುಮಕ್ಕಳಲ್ಲಿ ಶೇ. 18, ಗಂಡುಮಕ್ಕಳಲ್ಲಿ ಶೇ. 7.6ರಷ್ಟು ಮಂದಿ ಬಾಲ್ಯದಲ್ಲಿ ದೌರ್ಜನ್ಯ ಕಂಡಿದ್ದರು. ಗಂಡುಮಕ್ಕಳ ಅಂಕಿಯನ್ನು ದಯವಿಟ್ಟು ಇನ್ನೊಮ್ಮೆ ಓದಿ. 'ಹುಡುಗ ತಾನೇ, ಅವನಿಗೇನಾಗುತ್ತೆ' ಅನ್ನುವ ಮಾತು ಎಷ್ಟೋ ಹುಡುಗರ ಬಾಯಿ ಕಟ್ಟಿದೆ. ಅಂಗವೈಕಲ್ಯ ಇರುವ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಅವರ ಮೇಲೆ ಲೈಂಗಿಕ ಹಿಂಸೆ ನಡೆಯುವ ಸಾಧ್ಯತೆ ಉಳಿದ ಮಕ್ಕಳಿಗಿಂತ ಸುಮಾರು ಮೂರು ಪಟ್ಟು ಅಂತ 2012ರ ಒಂದು ದೊಡ್ಡ ವಿಶ್ಲೇಷಣೆ ಹೇಳಿತು. ಸ್ನಾನ, ಬಟ್ಟೆ, ಶೌಚ ಎಲ್ಲದಕ್ಕೂ ಬೇರೆಯವರನ್ನು ಅವಲಂಬಿಸಿರುವ ಮಗು. ಮಾತು ಬಾರದಿದ್ದರೆ ಹೇಳುವುದಾದರೂ ಹೇಗೆ?

ಇದೆಲ್ಲ ನಡೆಯುವುದು ಹೇಗೆ ಅನ್ನುವುದಕ್ಕೆ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕೆಲ್‌ಹಾರ್ 1984ರಲ್ಲಿ ಕೊಟ್ಟ ವಿವರಣೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಮೊದಲು ಆ ವ್ಯಕ್ತಿಗೆ ಅಂಥ ಉದ್ದೇಶ ಇರಬೇಕು. ಆಮೇಲೆ ಅವನು ತನ್ನೊಳಗಿನ ಅಳುಕನ್ನು ದಾಟಬೇಕು. ಆಮೇಲೆ ಹೊರಗಿನ ತಡೆಗಳನ್ನು, ಅಂದರೆ ಸುತ್ತಲಿನ ದೊಡ್ಡವರ ಕಣ್ಣನ್ನು ದಾಟಬೇಕು. ಮಗುವಿನ ಪ್ರತಿರೋಧ ಬರುವುದು ಇದೆಲ್ಲ ಮುಗಿದ ಮೇಲೆ, ಕೊನೆಯ ಮೆಟ್ಟಿಲಲ್ಲಿ. ನಮ್ಮ ಪಾಠಗಳೆಲ್ಲ ಈ ಕೊನೆಯ ಮೆಟ್ಟಿಲ ಮೇಲೇ ನಿಂತಿವೆ. ನಾವು ಗಟ್ಟಿ ಮಾಡಬೇಕಾದದ್ದು ಅದಕ್ಕಿಂತ ಮೊದಲಿನದನ್ನು.

ಹಂತ 2: ಗ್ರೂಮಿಂಗ್ ಗುರುತಿಸುವುದನ್ನು ಕಲಿಯಿರಿ

ಮಗುವನ್ನೂ ಅದರ ಸುತ್ತಲಿನವರನ್ನೂ ನಿಧಾನವಾಗಿ ಪಳಗಿಸಿ, ದೌರ್ಜನ್ಯಕ್ಕೆ ದಾರಿ ಮಾಡಿಕೊಂಡು, ಅದು ಹೊರಗೆ ಬಾರದಂತೆ ನೋಡಿಕೊಳ್ಳುವುದಕ್ಕೆ ಗ್ರೂಮಿಂಗ್ ಅನ್ನುತ್ತಾರೆ. ಸಂಶೋಧಕಿಯರಾದ ಜಾರ್ಜಿಯಾ ವಿಂಟರ್ಸ್, ಎಲಿಜಬೆತ್ ಜೆಗ್ಲಿಕ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಐದು ಘಟ್ಟಗಳಾಗಿ ಬಿಡಿಸಿದ್ದಾರೆ: ಮಗುವನ್ನು ಆರಿಸುವುದು, ಹತ್ತಿರವಾಗಿ ಅದನ್ನು ಒಂಟಿ ಮಾಡುವುದು, ನಂಬಿಕೆ ಗಳಿಸುವುದು, ಲೈಂಗಿಕ ಮಾತು ಮತ್ತು ಸ್ಪರ್ಶಕ್ಕೆ ಒಗ್ಗಿಸುವುದು, ಕೊನೆಗೆ ಬಾಯಿ ಮುಚ್ಚಿಸುವುದು.

ಎಂಥ ಮಗುವನ್ನು ಆರಿಸುತ್ತಾರೆ? 1995ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 91 ಅಪರಾಧಿಗಳನ್ನು ಮಾತನಾಡಿಸಿ ಈ ಪ್ರಶ್ನೆ ಕೇಳಿದ್ದರು. ಆತ್ಮವಿಶ್ವಾಸ ಕಡಿಮೆ ಇರುವ, ಮನೆಯಲ್ಲಿ ತೊಂದರೆ ಇರುವ, ಒಂಟಿಯಾಗಿರುವ ಮಕ್ಕಳತ್ತ ಅವರ ಕಣ್ಣು ಹೋಗುತ್ತಿತ್ತು. ಮಗುವಿಗೆ ಗಮನ ಬೇಕಾಗಿತ್ತು, ಇವರು ಅದನ್ನೇ ಕೊಟ್ಟರು. ಹಾಗಾಗಿ ಮಗುವಿಗೆ ಆ ವ್ಯಕ್ತಿಯ ಮೇಲೆ ನಿಜವಾದ ಪ್ರೀತಿ ಇರುವುದು ಆಶ್ಚರ್ಯವಲ್ಲ. 'ಅಷ್ಟು ಹಚ್ಚಿಕೊಂಡಿದ್ದಳಲ್ಲ, ಮತ್ತೆ ಹೇಗೆ ಕೆಟ್ಟದಾಗಿ ನಡೆದುಕೊಂಡಿರ್ತಾನೆ' ಅನ್ನುವ ವಾದಕ್ಕೆ ಇಲ್ಲಿ ಅರ್ಥವೇ ಇಲ್ಲ.

ಮಗುವಿಗಿಂತ ಮೊದಲು ಪಳಗುವವರು ಬಹಳ ಸಲ ದೊಡ್ಡವರೇ. ಗ್ರೂಮಿಂಗ್ ಮಾಡುವವನು ತಾಯಿಗೆ ಸಹಾಯ ಮಾಡುತ್ತಾನೆ. ಸಾಲ ಕೇಳುವ ಮೊದಲೇ ಕೊಡುತ್ತಾನೆ. 'ನೀವು ಸುಸ್ತಾಗಿದ್ದೀರಿ, ಪಾಪುವನ್ನು ನಾನು ನೋಡಿಕೊಳ್ತೀನಿ ಬಿಡಿ' ಅನ್ನುತ್ತಾನೆ. ಎಲ್ಲರ ಬಾಯಲ್ಲೂ ಒಂದೇ ಮಾತು: ಎಷ್ಟು ಒಳ್ಳೆಯವರು! ಈ ಒಳ್ಳೆಯ ಹೆಸರೇ ಮುಂದೆ ಅವನ ರಕ್ಷಣೆಗೆ ನಿಲ್ಲುತ್ತದೆ. ನಾಳೆ ಮಗು ಏನಾದರೂ ಹೇಳಿದರೆ ಯಾರ ಮಾತು ನಡೆಯುತ್ತದೆ, ಯೋಚನೆ ಮಾಡಿ.

ಒಳ್ಳೆಯವರನ್ನೆಲ್ಲ ಅನುಮಾನಿಸಬೇಕಾ ಹಾಗಾದರೆ? ಇಲ್ಲ. ಮಕ್ಕಳನ್ನು ಪ್ರೀತಿಸುವ ದೊಡ್ಡವರು ಮಕ್ಕಳಿಗೆ ಬೇಕೇ ಬೇಕು. ಗಮನಿಸಬೇಕಾದದ್ದು ಪ್ರೀತಿಯನ್ನಲ್ಲ, ಮೂರು ಸಂಗತಿಗಳನ್ನು. ಮಗುವಿನ ಜೊತೆ ಒಂಟಿಯಾಗಿರಲು ಪದೇ ಪದೇ ನೆಪ ಹುಡುಕುವುದು. ದೊಡ್ಡವರಿಗೆ ಹೇಳಬಾರದ ಗುಟ್ಟನ್ನು ಮಗುವಿನ ಜೊತೆ ಇಟ್ಟುಕೊಳ್ಳುವುದು. ಹಾಕಿದ ಗೆರೆಯನ್ನು 'ಅಯ್ಯೋ, ತಮಾಷೆಗೆ' ಅಂತ ಮತ್ತೆ ಮತ್ತೆ ದಾಟುವುದು. ಮಗು ಬೇಡ ಅಂದರೂ ಕಚಗುಳಿ ಇಡುವುದು ನಿಲ್ಲದಿದ್ದರೆ, ಬಟ್ಟೆ ಬದಲಿಸುವಾಗ 'ಗೊತ್ತಾಗಲಿಲ್ಲ' ಅಂತ ಒಳಗೆ ಬಂದರೆ, ವಯಸ್ಸಿಗೆ ಮೀರಿದ ಜೋಕು ಹೇಳಿ ಮಗುವಿನ ಮುಖ ನೋಡುತ್ತಿದ್ದರೆ, ಅದನ್ನು ಲೆಕ್ಕಕ್ಕೆ ಇಡಿ. ಒಂದು ಸಲ ಅನ್ನುವುದು ಅಕಸ್ಮಾತ್ ಇರಬಹುದು. ಗೆರೆ ತೋರಿಸಿದ ಮೇಲೂ ನಡೆದರೆ ಅಕಸ್ಮಾತ್ ಅಲ್ಲ.

ಇನ್ನೊಂದು ಎಚ್ಚರಿಕೆ. ಎಲ್ಲ ಮುಗಿದ ಮೇಲೆ 'ನಂಗೆ ಮೊದಲೇ ಗೊತ್ತಿತ್ತು' ಅನ್ನುವವರು ಸಿಗುತ್ತಾರೆ. ವಿಂಟರ್ಸ್ ಮತ್ತು ಜೆಗ್ಲಿಕ್ 2016ರಲ್ಲಿ ಇದನ್ನೇ ಪರೀಕ್ಷಿಸಿದರು. ಕೊನೆ ಗೊತ್ತಾದ ಮೇಲೆ ಜನ ಗ್ರೂಮಿಂಗ್ ಲಕ್ಷಣಗಳು ಎದ್ದು ಕಾಣುತ್ತಿದ್ದವು ಅಂದುಕೊಳ್ಳುತ್ತಾರೆ. ಅದು ಹಿಂದಿರುಗಿ ನೋಡಿದಾಗ ಸಿಗುವ ಸ್ಪಷ್ಟತೆ, ಮುಂಚೆ ಇರುವುದಲ್ಲ. ಆದ್ದರಿಂದ ಗುರುತಿಸುವ ಶಕ್ತಿಯನ್ನೇ ನೆಚ್ಚಿಕೊಂಡು ಕೂರಬೇಡಿ. ಯಾರು ಕೆಟ್ಟವರು ಅಂತ ಪತ್ತೆ ಮಾಡದೆಯೂ ಮಗುವನ್ನು ಕಾಯುವಂಥ ಏರ್ಪಾಡು ಬೇಕು.

ಹಂತ 3: ಅವಕಾಶವನ್ನೇ ಮುಚ್ಚಿ

ನನ್ನ ಮಟ್ಟಿಗೆ ಇಡೀ ಮಾರ್ಗದರ್ಶಿಯಲ್ಲಿ ಅತಿ ಮುಖ್ಯವಾದ ಹಂತ ಇದೇ. ಎಲ್ಲರಿಗೂ ಒಂದೇ ನಿಯಮ ಹಾಕಿಬಿಟ್ಟರೆ ಯಾರನ್ನೂ ಅವಮಾನಿಸಿದ ಹಾಗಾಗುವುದಿಲ್ಲ, ಯಾರಿಗೂ ವಿನಾಯಿತಿಯೂ ಸಿಗುವುದಿಲ್ಲ.

ನಿಯಮ ಸರಳ. ಒಬ್ಬ ದೊಡ್ಡವರು, ಒಂದು ಮಗು ಇರುವ ಸಂದರ್ಭ ಯಾವಾಗಲೂ ಬೇರೆಯವರ ಕಣ್ಣಿಗೆ ಬೀಳುವಂತಿರಬೇಕು, ಇಲ್ಲವೇ ಯಾವ ಕ್ಷಣದಲ್ಲಾದರೂ ಯಾರಾದರೂ ಬರಬಹುದು ಅನ್ನುವಂತಿರಬೇಕು. ಮನೆಪಾಠ ಇದ್ದರೆ ನಡುಮನೆಯಲ್ಲಿ, ಬಾಗಿಲು ತೆರೆದು. ಸಂಗೀತ, ಈಜು, ಆಟದ ತರಗತಿಗೆ ಸೇರಿಸುವ ಮುಂಚೆ ಹೋಗಿ ಜಾಗ ನೋಡಿ. ಬಾಗಿಲಿಗೆ ಗಾಜು ಇದೆಯಾ? ಪಾಠದ ಮಧ್ಯೆ ಪೋಷಕರು ಬರಬಹುದಾ? ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರಿರುತ್ತಾರೆ? ಪ್ರವಾಸ ಹೋದಾಗ ರಾತ್ರಿ ಯಾರ ಜೊತೆ ಯಾರು ಮಲಗುತ್ತಾರೆ? ಶಿಕ್ಷಕರು ಮಗುವಿಗೆ ನೇರವಾಗಿ ಮೆಸೇಜ್ ಮಾಡುತ್ತಾರಾ, ಪೋಷಕರೂ ಇರುವ ಗ್ರೂಪಿನಲ್ಲಾ? ದೂರು ಬಂದರೆ ಯಾರಿಗೆ ಹೇಳಬೇಕು? ಈ ಕೊನೆಯ ಪ್ರಶ್ನೆಗೆ ಥಟ್ಟನೆ ಉತ್ತರ ಬಾರದ ಜಾಗಕ್ಕೆ ಮಗುವನ್ನು ಸೇರಿಸುವ ಅವಸರ ಬೇಡ. 'ನಮ್ಮಲ್ಲಿ ಹಾಗೆಲ್ಲ ಆಗಲ್ಲ' ಅನ್ನುವುದು ಉತ್ತರ ಅಲ್ಲ.

ಸಂಸ್ಥೆಗಳು ಕಣ್ಣು ಮುಚ್ಚಿಕೊಂಡರೆ ಏನಾಗುತ್ತದೆ ಅಂತ ಆಸ್ಟ್ರೇಲಿಯಾ ಸರ್ಕಾರ ನೇಮಿಸಿದ ವಿಚಾರಣಾ ಆಯೋಗ, ರಾಯಲ್ ಕಮಿಷನ್, ದಾಖಲಿಸಿದೆ. 2013ರಿಂದ 2017ರವರೆಗೆ ನಡೆದ ಆ ವಿಚಾರಣೆಯ ಖಾಸಗಿ ಭೇಟಿಗಳಲ್ಲಿ 8,000ಕ್ಕೂ ಹೆಚ್ಚು ಮಂದಿ ತಮ್ಮ ಕಥೆ ಹೇಳಿಕೊಂಡರು. ಅವರು ಯಾರಿಗಾದರೂ ಮೊದಲ ಸಲ ವಿಷಯ ಹೇಳಲು ತೆಗೆದುಕೊಂಡ ಸರಾಸರಿ ಸಮಯ 23.9 ವರ್ಷ. ಇಷ್ಟು ತಡವಾಗುತ್ತದೆ ಅಂದರೆ ಮಗು ಹೇಳಲಿ, ಆಮೇಲೆ ನೋಡೋಣ ಅಂತ ಕಾಯುವಂತಿಲ್ಲ.

ಮನೆಯ ಒಳಗಿನ ನಿಯಮ ಕಷ್ಟ, ಯಾಕಂದರೆ ಅಲ್ಲಿ ಸಂಬಂಧಗಳಿವೆ. ಆದರೂ ಮಾಡಬಹುದು. ಬಾಗಿಲು ಹಾಕಿಕೊಂಡು ಆಟ ಇಲ್ಲ, ಅದು ಮಕ್ಕಳ ಮಕ್ಕಳ ನಡುವೆಯೂ ಅನ್ವಯಿಸುತ್ತದೆ. ಬಚ್ಚಲುಮನೆಯಲ್ಲಿ ಒಂದು ಸಲಕ್ಕೆ ಒಬ್ಬರೇ. ಮನೆಗೆ ಬಂದವರು ಮಗುವಿನ ಕೋಣೆಯಲ್ಲಿ ಮಲಗುವುದಿಲ್ಲ. ಮುತ್ತು ಕೊಡುವುದು, ತೊಡೆ ಮೇಲೆ ಕೂರುವುದು ಮಗುವಿನ ಇಷ್ಟ. ಯಾರಾದರೂ ಬೇಜಾರು ಮಾಡಿಕೊಂಡರೆ 'ಅವಳಿಗೆ ಈಗ ಬೇಡವಂತೆ, ಕೈ ಬೀಸ್ತಾಳೆ ಬಿಡಿ' ಅನ್ನಿ. ಇಷ್ಟು ಚಿಕ್ಕ ವಿಷಯಕ್ಕೆ ನೀವು ಮಗುವಿನ ಪರ ನಿಂತದ್ದನ್ನು ಮಗು ನೋಡುತ್ತಿರುತ್ತದೆ.

ಹಂತ 4: ಮಗುವಿನ ಜೊತೆ ಮಾತಾಡುತ್ತಲೇ ಇರಿ

ಒಂದು ದಿನ ಕೂರಿಸಿ ಗಂಭೀರವಾಗಿ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ, ನಡೆದು ಹೋಗುವಾಗ ಎರಡೆರಡು ಮಾತು ಸಾಕು.

ಮೂರು ವರ್ಷದ ಮಗುವಿಗೆ ಕೈ, ಕಾಲು, ಮೂಗು ಅಂತ ಕಲಿಸುವಾಗಲೇ ಶಿಶ್ನ, ಯೋನಿ ಅಂತಲೂ ಕಲಿಸಿ. ಮನೆಯಲ್ಲಿ ಬಳಸುವ ಮುದ್ದಿನ ಹೆಸರು ಇದ್ದರೆ ಇರಲಿ, ನಿಜವಾದ ಹೆಸರೂ ಗೊತ್ತಿರಲಿ. ಹೆಸರೇ ಗೊತ್ತಿಲ್ಲದ ಜಾಗದಲ್ಲಿ ನೋವಾದರೆ ಮಗು ಏನಂತ ಹೇಳಬೇಕು?

ಗುಟ್ಟಿನ ವಿಷಯಕ್ಕೆ ಬಂದರೆ ಹೀಗೆ ಹೇಳಬಹುದು: 'ಹುಟ್ಟುಹಬ್ಬದ ಉಡುಗೊರೆಯನ್ನು ಬಚ್ಚಿಡ್ತೀವಿ, ಆಮೇಲೆ ಎಲ್ಲರಿಗೂ ಗೊತ್ತಾಗುತ್ತೆ. ಅದು ಸರಿ. ಆದರೆ ಅಮ್ಮಂಗೆ ಯಾವತ್ತೂ ಹೇಳಬೇಡ ಅಂತ ಯಾರಾದರೂ ಅಂದರೆ, ಅದನ್ನೇ ಮೊದಲು ಬಂದು ಹೇಳು. ನಿನಗೆ ಬೈಯಲ್ಲ.' ಹಾಗೆಯೇ ವೈದ್ಯರು ನೋಡುವಾಗ ಅಪ್ಪನೋ ಅಮ್ಮನೋ ಪಕ್ಕದಲ್ಲಿರುತ್ತಾರೆ ಅಂತ ತಿಳಿಸಿ. 'ಕೆಟ್ಟ ಸ್ಪರ್ಶ' ಅಂದರೆ ನೋಯುವ ಸ್ಪರ್ಶ ಮಾತ್ರ ಅಂತ ಮಗು ತಿಳಿಯದಂತೆ ನೋಡಿಕೊಳ್ಳಿ. ಕೆಲವು ಸ್ಪರ್ಶ ನೋಯುವುದಿಲ್ಲ, ಹಿತ ಅನ್ನಿಸಲೂಬಹುದು. ಆಗ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತದೆ. ನೋವಾದರೂ ಆಗದಿದ್ದರೂ ಬಂದು ಹೇಳಬಹುದು ಅಂತ ಬಿಡಿಸಿ ಹೇಳಿ.

'ಬೇಡ' ಅನ್ನಲು ಆಗದೇ ಹೋದರೂ ಪರವಾಗಿಲ್ಲ ಅನ್ನುವ ಮಾತನ್ನೂ ಸೇರಿಸಿ. ಕೂಗು, ಓಡು ಅಂತ ಮಾತ್ರ ಕಲಿತ ಮಗು, ಭಯಕ್ಕೆ ಸುಮ್ಮನೆ ನಿಂತುಬಿಟ್ಟರೆ ಆಮೇಲೆ ತನ್ನನ್ನೇ ದೂಷಿಸಿಕೊಳ್ಳುತ್ತದೆ.

ಹಂತ 5: ಫೋನು ಮತ್ತು ಆನ್‌ಲೈನ್ ಆಟ

ಆನ್‌ಲೈನ್‌ನಲ್ಲಿ ನಡೆಯುವುದೂ ಅದೇ ಗ್ರೂಮಿಂಗ್, ವೇಗ ಮಾತ್ರ ಹೆಚ್ಚು. ಸಾಮಾನ್ಯವಾಗಿ ಆಟದಲ್ಲೋ ಸಾರ್ವಜನಿಕ ಜಾಗದಲ್ಲೋ ಪರಿಚಯವಾಗುತ್ತದೆ. ಆಮೇಲೆ 'ಬೇರೆ ಆಪ್‌ಗೆ ಬಾ, ಅಲ್ಲಿ ಮಾತಾಡೋಣ' ಅನ್ನುವ ಮಾತು ಬರುತ್ತದೆ. ಆಮೇಲೆ ಒಂದು ಫೋಟೊ ಕೇಳುತ್ತಾರೆ. 'ಬೇರೆ ಆಪ್‌ಗೆ ಬಾ ಅಂದರೆ ಅಲ್ಲಿಗೇ ನಿಲ್ಲಿಸಿ ನಂಗೆ ತೋರಿಸು' ಅನ್ನುವ ಒಂದೇ ನಿಯಮ ಇದರಲ್ಲಿ ಬಹಳಷ್ಟನ್ನು ತಡೆಯುತ್ತದೆ. ರಾತ್ರಿ ಫೋನು ಮಲಗುವ ಕೋಣೆಯ ಹೊರಗೆ ಚಾರ್ಜ್ ಆಗಲಿ.

ಹದಿಹರೆಯದ ಗಂಡುಮಕ್ಕಳ ಪೋಷಕರು ಇನ್ನೊಂದು ವಿಷಯ ತಿಳಿದಿರಬೇಕು. ಹುಡುಗಿಯ ಹೆಸರಿನಲ್ಲಿ ಸ್ನೇಹ ಮಾಡಿ, ಬೆತ್ತಲೆ ಫೋಟೊ ಪಡೆದು, ಕೂಡಲೇ ದುಡ್ಡಿಗಾಗಿ ಬ್ಲ್ಯಾಕ್‌ಮೇಲ್ ಮಾಡುವ ಗುಂಪುಗಳಿವೆ. ಅಮೆರಿಕದ ಎಫ್‌ಬಿಐ 2022ರಿಂದ ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದೆ. ಹೆಚ್ಚಾಗಿ ಗುರಿಯಾಗುವವರು 14ರಿಂದ 17 ವಯಸ್ಸಿನ ಹುಡುಗರು. ಭಯ, ನಾಚಿಕೆಯಲ್ಲಿ ಪ್ರಾಣ ಕಳೆದುಕೊಂಡ ಮಕ್ಕಳೂ ಇದ್ದಾರೆ. ಆದ್ದರಿಂದ ಈ ಮಾತನ್ನು ಇವತ್ತೇ ಹೇಳಿ: 'ನೀನು ಎಂಥದೇ ಫೋಟೊ ಕಳಿಸಿರು, ನಂಗೆ ಹೇಳು. ನಿನ್ನ ಫೋನು ಕಿತ್ತುಕೊಳ್ಳಲ್ಲ. ಇಬ್ಬರೂ ಸೇರಿ ಸರಿ ಮಾಡೋಣ.'

ಹಾಗೆ ಆಗಿದ್ದರೆ ದುಡ್ಡು ಕೊಡಬೇಡಿ. ಕೊಟ್ಟರೆ ಮತ್ತೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಖಾತೆಯ ಹೆಸರು, ಲಿಂಕ್, ಮೆಸೇಜ್‌ಗಳನ್ನು ಉಳಿಸಿ, ಆಮೇಲೆ ಬ್ಲಾಕ್ ಮಾಡಿ, ಪೊಲೀಸರಿಗೂ ಆ ಆಪ್‌ಗೂ ದೂರು ಕೊಡಿ. ಮಗುವಿನ ಬೆತ್ತಲೆ ಚಿತ್ರವನ್ನು ಮಾತ್ರ ಸಾಕ್ಷಿ ಅಂತ ಯಾರಿಗೂ ಫಾರ್ವರ್ಡ್ ಮಾಡಬೇಡಿ. ಹಲವು ದೇಶಗಳಲ್ಲಿ ಅದೇ ಅಪರಾಧ. 18 ವರ್ಷದ ಒಳಗೆ ತೆಗೆದ ಚಿತ್ರಗಳು ಹರಡದಂತೆ ಮಾಡಲು 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ಆ ಗುರುತನ್ನು ಹಿಡಿದು ಚಿತ್ರವನ್ನು ತೆಗೆಯಬಹುದು.

ಹಂತ 6: ಮಗು ಬಾಯಿ ಬಿಟ್ಟಾಗ

ಇಲ್ಲಿ ಒಂದೊಂದು ಮಾತಿಗೂ ಬೆಲೆ ಇದೆ. ಮಕ್ಕಳು ಸಾಮಾನ್ಯವಾಗಿ ನೇರವಾಗಿ ಹೇಳುವುದಿಲ್ಲ. ಒಂದು ತುದಿ ಎಸೆದು ನಿಮ್ಮ ಮುಖ ನೋಡುತ್ತಾರೆ.

'ಅಮ್ಮಾ, ನಾನು ನಾಳೆಯಿಂದ ಕ್ಲಾಸಿಗೆ ಹೋಗಲ್ಲ.'
'ಹೌದಾ ಪುಟ್ಟಾ? ಯಾಕೆ ಅಂತ ಹೇಳ್ತೀಯಾ?'
'ಸರ್ ಸರಿ ಇಲ್ಲ.'
'ಸರಿ ಇಲ್ಲ ಅಂದ್ಯಲ್ಲ, ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳು.'

ಇಷ್ಟೇ. ಆಮೇಲೆ ಸುಮ್ಮನಿರಿ. ಮೌನ ಎಷ್ಟೇ ಉದ್ದ ಅನ್ನಿಸಿದರೂ ಅದನ್ನು ನಿಮ್ಮ ಪ್ರಶ್ನೆಗಳಿಂದ ತುಂಬಬೇಡಿ. 'ಸರ್ ನಿನ್ನ ಅಲ್ಲಿ ಮುಟ್ಟಿದ್ರಾ?' ಅಂತ ಕೇಳಿದರೆ ಉತ್ತರವನ್ನು ನೀವೇ ಮಗುವಿನ ಬಾಯಿಗೆ ಇಟ್ಟ ಹಾಗೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಸಿಬ್ಬಂದಿಯ ಮೇಲೆ ದೌರ್ಜನ್ಯದ ಆರೋಪ ಬಂದ ಪ್ರಕರಣದಲ್ಲಿ ಇಂಥ ಪ್ರಶ್ನೆಗಳಿಂದಲೇ ಮಕ್ಕಳ ಹೇಳಿಕೆಗಳು ಕೆಟ್ಟುಹೋದವು, ವರ್ಷಗಟ್ಟಲೆ ನಡೆದ ವಿಚಾರಣೆಯಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅದಾದ ಮೇಲೆ ಮೈಕೆಲ್ ಲ್ಯಾಂಬ್ ಮತ್ತಿತರರು ಮಕ್ಕಳನ್ನು ಮಾತನಾಡಿಸುವ ಕ್ರಮವೊಂದನ್ನು ರೂಪಿಸಿದರು. ಅದರ ತಿರುಳು ಇದೇ: 'ಏನಾಯ್ತು ಹೇಳು', 'ಆಮೇಲೆ ಏನಾಯ್ತು?' ಅಂತ ಬಿಡುಬೀಸಾಗಿ ಕೇಳಿದಾಗ ಮಕ್ಕಳು ಹೆಚ್ಚು ಹೇಳುತ್ತಾರೆ, ಹೆಚ್ಚು ನಿಖರವಾಗಿಯೂ ಹೇಳುತ್ತಾರೆ.

ಪೋಷಕರಾಗಿ ನೀವು ತನಿಖೆ ಮಾಡಬೇಕಿಲ್ಲ. ಮಗು ಸುರಕ್ಷಿತವಾಗಿದೆಯಾ, ಯಾರಿಂದ ದೂರ ಇಡಬೇಕು, ಇಷ್ಟು ಗೊತ್ತಾದರೆ ಸಾಕು. ಆಮೇಲೆ ಮೂರು ಮಾತು ಹೇಳಿ. 'ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನದೇನೂ ತಪ್ಪಿಲ್ಲ. ನಾನು ನಿನ್ನ ಜೊತೆ ಇದ್ದೀನಿ.' 'ಯಾಕೆ ಮೊದಲೇ ಹೇಳಲಿಲ್ಲ?' ಅನ್ನುವ ಪ್ರಶ್ನೆಯನ್ನು ನುಂಗಿಕೊಳ್ಳಿ. 'ಯಾರಿಗೂ ಹೇಳಲ್ಲ' ಅಂತ ಭಾಷೆಯನ್ನೂ ಕೊಡಬೇಡಿ, ಹೇಳಬೇಕಾಗುತ್ತದೆ. ಮಗುವಿನ ಮುಂದೆ ಕಿರುಚಿ ಅತ್ತರೆ, ಅಮ್ಮಂಗೆ ನೋವಾಯ್ತು ಅಂತ ಅದು ಮತ್ತೆ ಬಾಯಿ ಮುಚ್ಚಿಕೊಳ್ಳಬಹುದು. ಅಳು ಬಂದೇ ಬರುತ್ತದೆ. ಸಾಧ್ಯವಾದರೆ ಆಚೆ ಹೋಗಿ ಅತ್ತು ಬನ್ನಿ.

ಮಗು ಹೇಳಿದ್ದನ್ನು ಅದರದೇ ಪದಗಳಲ್ಲಿ ಬರೆದಿಡಿ. ತಾರೀಖು, ಹೊತ್ತು, ನೀವು ಕೇಳಿದ ಪ್ರಶ್ನೆ ಕೂಡ. ಆರೋಪಿಯ ಮನೆಗೆ ನುಗ್ಗಿ ಜಗಳ ಮಾಡಬೇಡಿ. ಕೋಪ ನ್ಯಾಯವೇ, ಆದರೆ ಅದರಿಂದ ಅವನಿಗೆ ಸಾಕ್ಷಿ ಅಳಿಸಲು ಹೊತ್ತು ಸಿಗುತ್ತದೆ. ನೀವಿರುವ ಕಡೆಯ ಮಕ್ಕಳ ಸಹಾಯವಾಣಿಗೆ ಅಥವಾ ಪೊಲೀಸರಿಗೆ ತಿಳಿಸಿ. ಘಟನೆ ಈಚಿನದಾಗಿದ್ದರೆ ಸ್ನಾನ ಮಾಡಿಸದೆ, ಹಾಕಿದ್ದ ಬಟ್ಟೆ ಒಗೆಯದೆ ಪೇಪರ್ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ 5 ದಿನದೊಳಗೆ. ಬೇಗ ಆದಷ್ಟೂ ಒಳ್ಳೆಯದು.

ವೈದ್ಯಕೀಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಏನೂ ನಡೆದಿಲ್ಲ ಅಂತ ಅರ್ಥವಲ್ಲ. ದೌರ್ಜನ್ಯದ ಅನುಮಾನದಲ್ಲಿ ತಪಾಸಣೆಗೆ ಬಂದ 2,384 ಮಕ್ಕಳ ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ. 96ರಷ್ಟು ಮಕ್ಕಳ ಪರೀಕ್ಷೆ ಸಹಜವಾಗಿಯೇ ಇತ್ತು. ಎಷ್ಟೋ ದೌರ್ಜನ್ಯಗಳು ಗಾಯ ಮಾಡುವುದಿಲ್ಲ. ಮಾಡಿದರೂ ಮಕ್ಕಳ ಮೈ ಬೇಗ ವಾಸಿಯಾಗುತ್ತದೆ.

ಹಂತ 7: ತಪ್ಪು ಮಾಡಿದ್ದು ಇನ್ನೊಂದು ಮಗುವಾಗಿದ್ದರೆ

ಇದನ್ನು ಯಾರೂ ಮಾತಾಡಲು ಬಯಸುವುದಿಲ್ಲ. ಆದರೆ ಅಮೆರಿಕದಲ್ಲಿ 2009ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಮಕ್ಕಳ ವಿರುದ್ಧದ ಲೈಂಗಿಕ ಅಪರಾಧಗಳಲ್ಲಿ ಪೊಲೀಸರ ಗಮನಕ್ಕೆ ಬಂದವರ ಪೈಕಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಸ್ವತಃ 18ರ ಒಳಗಿನವರು. ಮಕ್ಕಳ ಸಹಜ ಕುತೂಹಲ ಬೇರೆ. ಒತ್ತಾಯ, ಗುಟ್ಟು, ವಯಸ್ಸಿನ ದೊಡ್ಡ ಅಂತರ ಇದ್ದರೆ ಅದು ಆಟ ಅಲ್ಲ. ಮೊದಲು ಇಬ್ಬರನ್ನೂ ಬೇರೆ ಮಾಡಿ, ಚಿಕ್ಕ ಮಗುವಿಗೆ ನೆರವು ಕೊಡಿಸಿ. ದೊಡ್ಡ ಮಗುವನ್ನೂ ತಜ್ಞರ ಬಳಿ ಕರೆದೊಯ್ಯಿರಿ. ಚಿಕಿತ್ಸೆ ಸಿಕ್ಕ ಹುಡುಗರಲ್ಲಿ ಬಹುಪಾಲು ಮಂದಿ ಮತ್ತೆ ಅದನ್ನು ಮಾಡುವುದಿಲ್ಲ.

ಮಕ್ಕಳ ಬಗ್ಗೆ ತನಗೆ ಇಂಥ ಯೋಚನೆ ಬರುತ್ತದೆ ಅಂತ ಭಯಪಡುವ ದೊಡ್ಡವರೂ ಇದ್ದಾರೆ. ಏನೂ ಮಾಡುವ ಮುಂಚೆ ಅವರು ಸಹಾಯ ಕೇಳುವಂತಾದರೆ ಒಂದು ಮಗು ಉಳಿಯುತ್ತದೆ. ಅಮೆರಿಕದಲ್ಲಿ 1992ರಲ್ಲಿ ಶುರುವಾದ 'ಸ್ಟಾಪ್ ಇಟ್ ನೌ', 2005ರಲ್ಲಿ ಬರ್ಲಿನ್‌ನ ಶಾರಿಟೆ ಆಸ್ಪತ್ರೆಯಲ್ಲಿ ಶುರುವಾದ ಗೌಪ್ಯ ಚಿಕಿತ್ಸಾ ಯೋಜನೆ ಈ ನಂಬಿಕೆಯ ಮೇಲೇ ನಡೆಯುತ್ತಿವೆ. ಫಿಂಕೆಲ್‌ಹಾರ್ ಹೇಳಿದ ಮೊದಲ ಮೆಟ್ಟಿಲಲ್ಲೇ ತಡೆಯುವ ಕೆಲಸ ಇದು.

ಹಂತ 8: ಆಮೇಲಿನ ದಿನಗಳು

ಕೆಲವು ಮಕ್ಕಳು ಹೇಳಿದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತಾರೆ. 'ನಾನು ಸುಳ್ಳು ಹೇಳಿದೆ' ಅನ್ನುತ್ತಾರೆ. ಅದನ್ನು ಕೇಳಿ ನಿಟ್ಟುಸಿರು ಬಿಡುವ ಮುಂಚೆ ಇದನ್ನು ಓದಿ. 2007ರಲ್ಲಿ ಅಮೆರಿಕದ 257 ಪ್ರಕರಣಗಳನ್ನು ನೋಡಿದ ಅಧ್ಯಯನದಲ್ಲಿ ಶೇ. 23ರಷ್ಟು ಮಕ್ಕಳು ಹೀಗೆ ಮಾತು ಬದಲಿಸಿದ್ದರು. ಚಿಕ್ಕ ಮಕ್ಕಳು, ಆರೋಪಿ ತಂದೆಯ ಸ್ಥಾನದಲ್ಲಿದ್ದ ಮಕ್ಕಳು, ಮನೆಯ ಇನ್ನೊಬ್ಬ ಹಿರಿಯರ ಬೆಂಬಲ ಸಿಗದ ಮಕ್ಕಳು ಹಾಗೆ ಮಾಡುವುದು ಹೆಚ್ಚು. ಅಂದರೆ ಮಾತು ಬದಲಾಗುವುದು ಬಹಳ ಸಲ ಒತ್ತಡಕ್ಕೆ. ಮಾತು ಬದಲಾಯಿತು ಅಂತ ಮಗುವನ್ನು ಮತ್ತೆ ಅದೇ ವ್ಯಕ್ತಿಯ ಜೊತೆ ಬಿಡಬೇಡಿ. ಮಾತು ಬದಲಾದದ್ದನ್ನು ತನಿಖೆ ಮಾಡುವವರಿಗೆ ಇದ್ದ ಹಾಗೆಯೇ ತಿಳಿಸಿ.

ಚಿಕಿತ್ಸೆಯಿಂದ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಆಘಾತಕ್ಕೆಂದೇ ರೂಪಿಸಿದ ಅರಿವಿನ ವರ್ತನಾ ಚಿಕಿತ್ಸೆಗೆ, ಅಂದರೆ ಟಿಎಫ್-ಸಿಬಿಟಿಗೆ, ಒಳ್ಳೆಯ ಪುರಾವೆ ಇದೆ. ಅದರಲ್ಲಿ ಪೋಷಕರೂ ಭಾಗವಹಿಸುತ್ತಾರೆ. ಮಗುವಿನ ಚೇತರಿಕೆಯಲ್ಲಿ ತಾಯಿಯೋ ತಂದೆಯೋ ಜೊತೆಗೆ ನಿಂತದ್ದಕ್ಕೆ ದೊಡ್ಡ ಪಾಲಿದೆ ಅಂತ ಸಂಶೋಧನೆಗಳು ಮತ್ತೆ ಮತ್ತೆ ಹೇಳಿವೆ. 'ಹೀಗಾದವರು ಮುಂದೆ ತಾವೂ ಹಾಗೇ ಮಾಡ್ತಾರೆ' ಅನ್ನುವ ಮಾತನ್ನು ಮನೆಯಲ್ಲಿ ಆಡಲು ಬಿಡಬೇಡಿ. ಬಹುಪಾಲು ಮಂದಿ ಯಾರಿಗೂ ಕೇಡು ಮಾಡದೆ ಬದುಕುತ್ತಾರೆ. ಆ ಮಾತು ಕಿವಿಗೆ ಬಿದ್ದ ಮಗು ತನ್ನನ್ನೇ ಹೆದರಿಕೆಯಿಂದ ನೋಡಿಕೊಳ್ಳುತ್ತದೆ.

ಊಟ, ನಿದ್ದೆ, ಶಾಲೆ, ಆಟ ಎಂದಿನ ಹೊತ್ತಿಗೇ ನಡೆಯಲಿ. ಮನೆಯ ನಿಯಮಗಳೂ ಇರಲಿ, ಅತಿ ಮುದ್ದು ಮಾಡಿದರೆ ಮಗುವಿಗೆ ತಾನು ಬೇರೆ ಅನ್ನಿಸುತ್ತದೆ. ವಿಷಯವನ್ನು ನೆಂಟರಿಷ್ಟರಿಗೆಲ್ಲ ಹೇಳಬೇಡಿ. ಯಾರಿಗೆ ಹೇಳಬೇಕಾಗಿದೆಯೋ ಅವರ ಹೆಸರನ್ನು ಮಗುವಿಗೂ ತಿಳಿಸಿ. ತಿಂಗಳುಗಳ ನಂತರ ಯಾವಾಗಲೋ ಮಗು ಹೊಸದೊಂದು ವಿವರ ಹೇಳಬಹುದು. ಮೊದಲ ದಿನದ ಹಾಗೆಯೇ ಕೇಳಿಸಿಕೊಳ್ಳಿ, ಅದರದೇ ಪದಗಳಲ್ಲಿ ಬರೆದಿಟ್ಟುಕೊಳ್ಳಿ, ತನಿಖಾಧಿಕಾರಿಗೂ ಮಗುವಿನ ಚಿಕಿತ್ಸಕರಿಗೂ ತಲುಪಿಸಿ.